ಗುಟ್ಟು, ಮಾನ, ಖಾಸಗಿತನ: ತೆಂಗಿನ ಸೀಮೆಯ ಅನುಭವದಲ್ಲಿ ಒಂದು ಪದ ಮತ್ತು ಒಂದು ಹಕ್ಕು

1. ಪ್ರಸ್ತಾವನೆ

ಆಧುನಿಕ ತಂತ್ರಜ್ಞಾನವು ವ್ಯಕ್ತಿಯ ಖಾಸಗಿ ಬದುಕಿನ ಮೇಲೆ ಬೀರುತ್ತಿರುವ ಪರಿಣಾಮವನ್ನು ಕುರಿತ ಚರ್ಚೆಗಳು ಬಹುಮಟ್ಟಿಗೆ ಕಾನೂನು, ಗಣಕ ವಿಜ್ಞಾನ ಹಾಗೂ ಸಮಾಜಶಾಸ್ತ್ರಗಳ ಚೌಕಟ್ಟಿನಲ್ಲಿಯೇ ನಡೆದಿವೆ. ಈ ಚರ್ಚೆ ತಮ್ಮದಲ್ಲ ಎಂಬ ಭಾವನೆ ಕನ್ನಡ ಅಧ್ಯಯನ ವಿಭಾಗಗಳಲ್ಲಿ ಇದ್ದಂತಿದೆ. ಆದರೆ ಒಂದು ಹಕ್ಕು ಜನರ ಬದುಕಿಗೆ ಇಳಿಯುವುದು ಭಾಷೆಯ ಮೂಲಕ. ಹೆಸರಿಲ್ಲದ ಹಕ್ಕನ್ನು ಯಾರೂ ಕೇಳಲಾರರು. ಅರ್ಥವಾಗದ ಪತ್ರಕ್ಕೆ ಕೊಟ್ಟ ಒಪ್ಪಿಗೆ ಒಪ್ಪಿಗೆಯಾಗಲಾರದು. ಈ ಕಾರಣದಿಂದ ಖಾಸಗಿತನದ ಪ್ರಶ್ನೆಯು ಕನ್ನಡದ ಪ್ರಶ್ನೆಯೂ ಆಗಿದೆ.

ಪ್ರಸ್ತುತ ಲೇಖನದಲ್ಲಿ ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳನ್ನೊಳಗೊಂಡ ತೆಂಗಿನ ಸೀಮೆಯನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವ ಪ್ರಯತ್ನ ಮಾಡಲಾಗಿದೆ. ಈ ಪ್ರದೇಶದ ಆಯ್ಕೆಗೆ ಎರಡು ಕಾರಣಗಳಿವೆ. ಮೊದಲನೆಯದು, ಕರ್ನಾಟಕದಲ್ಲಿ ಆಧಾರ್ ನೋಂದಣಿಯು 2010ರಲ್ಲಿ ಪ್ರಾಯೋಗಿಕವಾಗಿ ಆರಂಭವಾದದ್ದು ಮೈಸೂರು ಮತ್ತು ತುಮಕೂರು ಜಿಲ್ಲೆಗಳಲ್ಲಿ. ಅಂದರೆ ಬೆರಳಚ್ಚು ಮತ್ತು ಕಣ್ಣಿನ ಪಾಪೆಯ ಗುರುತನ್ನು ಯಂತ್ರಕ್ಕೆ ಕೊಟ್ಟ ಮೊದಲ ಕನ್ನಡಿಗರಲ್ಲಿ ಈ ಸೀಮೆಯವರೂ ಸೇರಿದ್ದಾರೆ. ಎರಡನೆಯದು, ಇಲ್ಲಿನ ಪ್ರಧಾನ ಉತ್ಪನ್ನವಾದ ಉಂಡೆ ಕೊಬ್ಬರಿಯ ಸಂಗ್ರಹ ಮತ್ತು ಮಾರಾಟದ ಸುತ್ತ ‘ಗುಟ್ಟು’ ಎಂಬುದರ ಒಂದು ಗ್ರಾಮೀಣ ನೀತಿಯೇ ಬೆಳೆದುಬಂದಿದೆ.

2. ಪದಗಳ ನೆಲೆ

ಇಂದು ಕನ್ನಡದಲ್ಲಿ ಈ ಪರಿಕಲ್ಪನೆಗೆ ಒಂದೇ ಪದವಿಲ್ಲ. ಪತ್ರಿಕೆಗಳಲ್ಲಿ ‘ಖಾಸಗಿತನ’ ಮತ್ತು ‘ಗೌಪ್ಯತೆ’ ಎರಡೂ ಬಳಕೆಯಾಗುತ್ತಿವೆ; ಸರ್ಕಾರಿ ಪತ್ರಗಳಲ್ಲಿ ‘ಗೋಪ್ಯ’, ‘ಗೋಪನೀಯ’ ಎಂಬ ರೂಪಗಳಿವೆ; ಜನರ ಮಾತಿನಲ್ಲಿ ‘ಗುಟ್ಟು’ ಇದೆ. ಇವು ಸಮಾನಾರ್ಥಕಗಳಲ್ಲ ಎಂಬುದನ್ನು ಗಮನಿಸಬೇಕು.

‘ಗುಟ್ಟು’ ಎಂಬುದು ತೆಲುಗಿನಲ್ಲಿಯೂ ಇರುವ ದೇಶ್ಯಪದ. ಇದು ಮಾಹಿತಿಯ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ವ್ಯಕ್ತಿಯ ಹಕ್ಕನ್ನಲ್ಲ. ಇದರ ವಿರುದ್ಧ ಪದ ‘ರಟ್ಟು’. ಗುಟ್ಟು ರಟ್ಟಾದ ಮೇಲೆ ಮುಗಿಯಿತು. ಅದನ್ನು ಮರಳಿ ಕಟ್ಟಿಕೊಳ್ಳುವ ದಾರಿ ಈ ಪದದ ಒಳಗಿಲ್ಲ. ‘ಗೋಪ್ಯ’ ಎಂಬುದು ಸಂಸ್ಕೃತದ ‘ಗುಪ್’ ಧಾತುವಿನಿಂದ ಬಂದದ್ದು. ಈ ಧಾತುವಿಗೆ ಮರೆಮಾಡು ಮತ್ತು ರಕ್ಷಿಸು ಎಂಬ ಎರಡೂ ಅರ್ಥಗಳಿವೆ. ಇಂದು ನಾವು ಖಾಸಗಿತನ ಹಾಗೂ ಸುರಕ್ಷತೆ ಎಂದು ಬೇರ್ಪಡಿಸಿ ನೋಡುವ ಎರಡು ವಿಷಯಗಳು ಒಂದೇ ಧಾತುವಿನಲ್ಲಿ ಕೂಡಿಕೊಂಡಿರುವುದು ಅರ್ಥಪೂರ್ಣವಾಗಿದೆ.

‘ಖಾಸಗಿ’ ಎಂಬ ಪದದ ಚರಿತ್ರೆ ಇನ್ನೂ ಕುತೂಹಲಕರವಾದುದು. ಅರಬ್ಬೀ ಮೂಲದ ‘ಖಾಸ್’ ಎಂಬುದು ಮರಾಠಿಯಲ್ಲಿ ‘ಖಾಸಗೀ’ ಎಂದಾಗಿ, ಅರಸುಮನೆತನದ ಸ್ವಂತ ಸೊತ್ತನ್ನು ರಾಜ್ಯದ ಸೊತ್ತಿನಿಂದ ಪ್ರತ್ಯೇಕಿಸುವ ಆಡಳಿತ ಪದವಾಗಿ ಬಳಕೆಯಲ್ಲಿತ್ತು. ಅಂದರೆ ಖಾಸಗಿಯಾದುದನ್ನು ಹೊಂದುವ ಅಧಿಕಾರ ಮೂಲತಃ ಒಡೆಯನದು. ಆ ಪದಕ್ಕೆ ಕನ್ನಡದ ‘ತನ’ ಪ್ರತ್ಯಯ ಸೇರಿ ‘ಖಾಸಗಿತನ’ವಾದಾಗ ಅದು ಸೊತ್ತಿನಿಂದ ಗುಣಕ್ಕೆ, ಅರಸನಿಂದ ಸಾಮಾನ್ಯನಿಗೆ ಇಳಿದುಬಂದಿತು.

ಇವೆಲ್ಲಕ್ಕಿಂತ ಹಳೆಯದೂ ಆಳವಾದುದೂ ಆದ ಮತ್ತೊಂದು ಪದ ‘ಮಾನ’. ಇನ್ನೊಬ್ಬರ ಕಣ್ಣಿನಿಂದ ಮುಚ್ಚಿಡಬೇಕಾದುದನ್ನೂ ಇನ್ನೊಬ್ಬರ ಕಣ್ಣಿನಲ್ಲಿ ಉಳಿಸಿಕೊಳ್ಳಬೇಕಾದುದನ್ನೂ ಕನ್ನಡಿಗರು ಈ ಒಂದೇ ಪದದಿಂದ ಸೂಚಿಸುತ್ತಾರೆ. ಬಟ್ಟೆ ಮುಚ್ಚುವುದು ಮಾನವನ್ನು. ಸಾಲಗಾರ ಬಾಗಿಲಿಗೆ ಬಂದು ಕೂಗಿದಾಗ ಹೋಗುವುದೂ ಮಾನವೇ.

3. ಗಾದೆಯೊಂದರ ವಿವೇಕ

‘ಸಂಸಾರ ಗುಟ್ಟು, ವ್ಯಾಧಿ ರಟ್ಟು’ ಎಂಬ ಗಾದೆ ನಾಡಿನಾದ್ಯಂತ ಪ್ರಚಲಿತವಾಗಿದೆ. ಇದನ್ನು ಸಾಮಾನ್ಯವಾಗಿ ಮನೆಯ ವಿಷಯ ಹೊರಗೆ ಹೇಳಬಾರದೆಂಬ ಉಪದೇಶವಾಗಿ ಮಾತ್ರ ಓದಲಾಗುತ್ತದೆ. ಆದರೆ ಗಾದೆಯ ಉತ್ತರಾರ್ಧವೂ ಅಷ್ಟೇ ಮುಖ್ಯವಾದುದು. ರೋಗವನ್ನು ಹೇಳಿಕೊಂಡರೆ ಮದ್ದು ಬಲ್ಲವರು ಸಿಗುತ್ತಾರೆ. ಸಂಸಾರದ ತಾಪತ್ರಯವನ್ನು ಹೇಳಿಕೊಂಡರೆ ಆಡಿಕೊಳ್ಳುವವರು ಸಿಗುತ್ತಾರೆ. ಮಾಹಿತಿ ಸ್ವತಃ ಗುಟ್ಟೂ ಅಲ್ಲ, ರಟ್ಟೂ ಅಲ್ಲ. ಅದು ಯಾರಿಗೆ, ಯಾವ ಉದ್ದೇಶಕ್ಕೆ ತಲುಪುತ್ತದೆ ಎಂಬುದು ಅದರ ಯೋಗ್ಯತೆಯನ್ನು ನಿರ್ಧರಿಸುತ್ತದೆ ಎಂಬ ತಿಳಿವಳಿಕೆ ಇಲ್ಲಿದೆ.

ಪಾಶ್ಚಾತ್ಯ ಚಿಂತನೆಯಲ್ಲಿ ವಾರೆನ್ ಮತ್ತು ಬ್ರಾಂಡೈಸ್ ಅವರು 1890ರಲ್ಲಿ ಈ ಹಕ್ಕನ್ನು ಕುರಿತು ಬರೆದಾಗ ಅವರ ಒತ್ತು ವ್ಯಕ್ತಿಯನ್ನು ಅವನಷ್ಟಕ್ಕೆ ಬಿಡುವುದರ ಮೇಲಿತ್ತು. ಒಂದು ಸಂದರ್ಭದಲ್ಲಿ ಕೊಟ್ಟ ಮಾಹಿತಿ ಆ ಸಂದರ್ಭದ ಕಟ್ಟುಪಾಡುಗಳನ್ನು ಮೀರಿ ಹರಿದಾಗ ಖಾಸಗಿತನದ ಭಂಗವಾಗುತ್ತದೆ ಎಂಬ ವಾದವನ್ನು ಹೆಲೆನ್ ನಿಸೆನ್‌ಬಾಮ್ ಮಂಡಿಸಿದ್ದು 2004ರಲ್ಲಿ. ಮೇಲಿನ ಗಾದೆ ಈ ಎರಡನೆಯ ನಿಲುವಿಗೆ ಹತ್ತಿರವಾಗಿದೆ.

ಆದರೆ ಗಾದೆಗೆ ಒಂದು ಮಿತಿಯೂ ಇದೆ. ಅದು ಕಾಪಾಡುವುದು ಸಂಸಾರದ ಗುಟ್ಟನ್ನು, ವ್ಯಕ್ತಿಯ ಗುಟ್ಟನ್ನಲ್ಲ. ಮನೆಯೊಳಗೆ ಹೊಡೆತ ತಿನ್ನುವ ಹೆಣ್ಣಿಗೆ ‘ಸಂಸಾರ ಗುಟ್ಟು’ ಎಂಬ ಮಾತು ರಕ್ಷಣೆಯಲ್ಲ, ಬಾಯಿಗೆ ಹಾಕಿದ ಬೀಗ. ಈ ವಿಷಯಕ್ಕೆ ಮುಂದೆ ಮರಳಲಾಗುವುದು.

4. ಅಟ್ಟ ಮತ್ತು ಟವಲು

ತೆಂಗಿನ ಸೀಮೆಯಲ್ಲಿ ಬಲಿತ ಕಾಯಿಗಳನ್ನು ಕೊಯ್ದ ಕೂಡಲೇ ಮಾರುವುದು ವಾಡಿಕೆಯಲ್ಲ. ಸಿಪ್ಪೆಯ ಸಮೇತ ಅಟ್ಟಕ್ಕೇರಿಸಿ ಎಂಟರಿಂದ ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಿಸಿದರೆ ಗುಡುಗುಡು ಸದ್ದಾದಾಗ ಕೊಬ್ಬರಿ ಆಯಿತೆಂದು ಲೆಕ್ಕ. ಅನಂತರ ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ಒಯ್ಯುತ್ತಾರೆ. ಹೀಗಾಗಿ ಅಟ್ಟವು ಉಗ್ರಾಣ ಮಾತ್ರವಾಗಿರದೆ ಮನೆಯ ಉಳಿತಾಯ ಖಾತೆಯೂ ಆಗಿದೆ. ಮಗಳ ಮದುವೆ, ಮಗನ ಕಾಲೇಜು ಶುಲ್ಕ, ಕೊಳವೆಬಾವಿ ಕೊರೆಸುವ ಖರ್ಚು ಎಲ್ಲವೂ ಅಟ್ಟವನ್ನು ನಂಬಿಕೊಂಡಿರುತ್ತವೆ.

ಈ ಕಾರಣದಿಂದ ಅಟ್ಟದಲ್ಲಿ ಎಷ್ಟು ಕಾಯಿ ಇದೆ ಎಂದು ನೇರವಾಗಿ ಕೇಳುವುದು ಈ ಸೀಮೆಯಲ್ಲಿ ಮರ್ಯಾದೆಯಲ್ಲ. ಕೇಳಿದರೂ ಬರುವ ಉತ್ತರ ‘ಏನೋ ಒಂದೀಟು ಐತೆ ಕಣಣ್ಣ’ ಎಂಬುದೇ. ಇಲ್ಲಿ ಸುಳ್ಳಿಲ್ಲ, ಅಂಕಿಯನ್ನು ಬಿಟ್ಟುಕೊಡದೆ ಮಾತನ್ನು ಮುಂದುವರಿಸುವ ಜಾಣ್ಮೆಯಿದೆ. ಅಟ್ಟದ ಲೆಕ್ಕ ವರ್ತಕನಿಗೆ ತಿಳಿದರೆ ಬೆಲೆ ಇಳಿಯುತ್ತದೆ, ಸಾಲ ಕೊಟ್ಟವನಿಗೆ ತಿಳಿದರೆ ಒತ್ತಾಯ ಏರುತ್ತದೆ, ನೆಂಟರಿಗೆ ತಿಳಿದರೆ ಕೈಗಡ ಕೇಳುತ್ತಾರೆ. ಗುಟ್ಟು ಇಲ್ಲಿ ಚೌಕಾಶಿಯ ಬಲವಾಗಿದೆ.

ದನಗಳ ಜಾತ್ರೆಯಲ್ಲಿ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾತನಾಡುವ ಪದ್ಧತಿಯೂ ಇದೇ ಬಗೆಯದು. ಕೊಳ್ಳುವವನು, ಮಾರುವವನು ಮತ್ತು ದಲ್ಲಾಳಿಯನ್ನು ಬಿಟ್ಟರೆ ಸುತ್ತ ನಿಂತವರಿಗೆ ಬೆಲೆ ತಿಳಿಯುವುದಿಲ್ಲ. ಸಾವಿರಾರು ಜನರ ನಡುವೆ, ಹಾಡುಹಗಲಿನಲ್ಲಿ, ಒಂದು ಬಟ್ಟೆಯ ಅಗಲದಷ್ಟು ಖಾಸಗಿ ಜಾಗವನ್ನು ಸೃಷ್ಟಿಸಿಕೊಳ್ಳುವ ಕ್ರಮವಿದು. ಭಾರತೀಯ ಗ್ರಾಮ ಸಮಾಜದಲ್ಲಿ ಖಾಸಗಿತನವೆಂಬುದೇ ಇರಲಿಲ್ಲ, ಅದು ನಗರದ ಮಧ್ಯಮವರ್ಗದ ಆಮದು ಎಂಬ ವಾದವನ್ನು ಇಂತಹ ಆಚರಣೆಗಳ ಹಿನ್ನೆಲೆಯಲ್ಲಿ ಮರುಪರಿಶೀಲಿಸಬೇಕಾಗುತ್ತದೆ.

ಹಾಗೆಂದು ಈ ಗುಟ್ಟನ್ನು ಆದರ್ಶೀಕರಿಸುವಂತಿಲ್ಲ. ಅಟ್ಟದ ಗುಟ್ಟು ಅಟ್ಟವಿದ್ದವರಿಗೆ ಮಾತ್ರ ಲಭ್ಯ. ಕಾಯಿ ಸುಲಿಯುವ, ಚಿಪ್ಪು ಒಡೆಯುವ ಕೂಲಿಯವರ ಬದುಕಿನಲ್ಲಿ ಮುಚ್ಚಿಡಲು ಮನೆಯ ಮರೆಯೂ ಕಡಿಮೆ. ಅವರ ಸಾಲ, ಕಾಯಿಲೆ, ಜಗಳಗಳೆಲ್ಲವೂ ಊರಿನ ಕಣ್ಣೆದುರಿಗೇ ನಡೆಯುತ್ತವೆ. ಸಾಂಪ್ರದಾಯಿಕ ಗುಟ್ಟು ಆಸ್ತಿಯ ನೆರಳಿನಲ್ಲಿಯೇ ಬೆಳೆದದ್ದು.

5. ಪಹಣಿಯಿಂದ ಬೆರಳಚ್ಚಿಗೆ

ಈ ಸೀಮೆಯ ರೈತನ ಮಾಹಿತಿಯು ಮೊದಲ ಬಾರಿಗೆ ಗಣಕಯಂತ್ರವನ್ನು ಸೇರಿದ್ದು ‘ಭೂಮಿ’ ಯೋಜನೆಯ ಮೂಲಕ. ಈ ಶತಮಾನದ ಆರಂಭದ ವರ್ಷಗಳಲ್ಲಿ ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಗಣಕೀಕರಣಗೊಂಡವು. 15 ರೂಪಾಯಿ ಕೊಟ್ಟು ಯಾರು ಬೇಕಾದರೂ ಪಹಣಿಯ ಪ್ರತಿ ಪಡೆಯುವಂತಾಯಿತು. ಅದಕ್ಕೆ ಮೊದಲು ಈ ದಾಖಲೆಗಳು ಸುಮಾರು 9,000 ಗ್ರಾಮಲೆಕ್ಕಿಗರ ವಶದಲ್ಲಿದ್ದವು. ಅದಕ್ಕೂ ಹಿಂದೆ ಶ್ಯಾನುಭೋಗರ ಕಡತಗಳಲ್ಲಿದ್ದವು. ಜಮೀನಿನ ಲೆಕ್ಕ ಗುಟ್ಟಾಗಿದ್ದ ಕಾಲದಲ್ಲಿ ಆ ಗುಟ್ಟಿನ ಒಡೆಯ ರೈತನಾಗಿರಲಿಲ್ಲ, ಲೆಕ್ಕ ಬರೆಯುವವನಾಗಿದ್ದ. ಆದುದರಿಂದ ಪಹಣಿ ಬಯಲಿಗೆ ಬಂದದ್ದು ಬಡ ರೈತನ ಪಾಲಿಗೆ ಬಿಡುಗಡೆಯೂ ಆಗಿತ್ತೆಂಬುದನ್ನು ಮರೆಯಬಾರದು.

ಆದರೆ ಪಹಣಿಯು ಇಂದು ಅಂತರ್ಜಾಲದಲ್ಲಿದೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಮತ್ತು ಸರ್ವೆ ನಂಬರು ತಿಳಿದಿದ್ದರೆ ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ನೋಡಬಹುದು. ಅದರ 9ನೇ ಕಲಮಿನಲ್ಲಿ ಭೂಮಾಲೀಕನ ಹೆಸರು, 11ನೇ ಕಲಮಿನಲ್ಲಿ ಇತರೆ ಹಕ್ಕುಗಳು ಮತ್ತು ಋಣಗಳು ಇರುತ್ತವೆ. ಜಮೀನಿನ ಮೇಲೆ ಬ್ಯಾಂಕಿನ ಸಾಲವಿದ್ದರೆ ಅದು ಅಲ್ಲಿ ನಮೂದಾಗುತ್ತದೆ. ಜಮೀನು ಕೊಳ್ಳುವವನು ಮೋಸಹೋಗದಿರಲು ಈ ಮಾಹಿತಿ ಅಗತ್ಯ. ಆದರೆ ಅದೇ 11ನೇ ಕಲಮನ್ನು ಹೆಣ್ಣು ಕೊಡುವವರು, ಬೀಗರಾಗುವವರು, ಜಗಳವಾಡಿದ ದಾಯಾದಿಗಳು ಮೊಬೈಲಿನಲ್ಲಿ ನೋಡಿದಾಗ ಅದು ‘ಸಂಸಾರದ ಗುಟ್ಟು’ ರಟ್ಟಾಗುವ ಸಂದರ್ಭವೂ ಆಗುತ್ತದೆ. ದಾಖಲೆ ಬದಲಾಗಿಲ್ಲ, ಓದುವವರು ಬದಲಾಗಿದ್ದಾರೆ.

‘ಭೂಮಿ’ ಯೋಜನೆಯಲ್ಲಿ ಇನ್ನೊಂದು ಗಮನಾರ್ಹ ಅಂಶವಿತ್ತು. ದಾಖಲೆಯನ್ನು ತಿದ್ದುವ ಸಿಬ್ಬಂದಿಯು ಬೆರಳಚ್ಚು ಕೊಟ್ಟು ಯಂತ್ರದೊಳಗೆ ಪ್ರವೇಶಿಸಬೇಕಾಗಿತ್ತು. ಯಾವ ತಿದ್ದುಪಡಿಯನ್ನು ಯಾರು ಮಾಡಿದರೆಂಬುದಕ್ಕೆ ಅದು ಸಾಕ್ಷಿ. ಅಲ್ಲಿ ಬೆರಳಚ್ಚು ಕೇಳಿದ್ದು ಅಧಿಕಾರ ಉಳ್ಳವನಿಂದ. 2010ರ ನಂತರ ಪಡಿತರ, ಪಿಂಚಣಿ, ಬ್ಯಾಂಕು ಖಾತೆಗಳಿಗಾಗಿ ಬೆರಳಚ್ಚು ಕೇಳತೊಡಗಿದ್ದು ಪ್ರಜೆಯಿಂದ. ತಂತ್ರಜ್ಞಾನ ಒಂದೇ, ಸಂಶಯಕ್ಕೆ ಒಳಗಾದವರು ಬೇರೆ. ಸಾಕ್ಷರತಾ ಆಂದೋಲನದ ಕಾಲದಲ್ಲಿ ‘ಹೆಬ್ಬೆಟ್ಟು’ ಎಂಬುದು ಅನಕ್ಷರತೆಯ ಗುರುತಾಗಿತ್ತು. ಹೆಬ್ಬೆಟ್ಟಿನಿಂದ ರುಜುವಿಗೆ ಬರುವುದು ಮಾನದ ಸಂಗತಿಯಾಗಿತ್ತು. ಇಂದು ಪದವೀಧರನೂ ರುಜುವಿನಿಂದ ಹೆಬ್ಬೆಟ್ಟಿಗೆ ಮರಳಿದ್ದಾನೆ. ಇತ್ತ, ಜೀವಮಾನವಿಡೀ ಒರಟು ಕೆಲಸ ಮಾಡಿ ಬೆರಳ ಗೆರೆ ಸವೆಸಿಕೊಂಡ ಕೂಲಿಕಾರರ ಗುರುತನ್ನು ಯಂತ್ರ ಸುಲಭವಾಗಿ ಒಪ್ಪುವುದಿಲ್ಲ. ದುಡಿದುದರ ಗುರುತೇ ಗುರುತಿಲ್ಲದಂತೆ ಮಾಡುವ ವಿಪರ್ಯಾಸವಿದು.

ಕೊಬ್ಬರಿಯ ಬೆಂಬಲ ಬೆಲೆಯ ಖರೀದಿಯಲ್ಲಿ ಈ ಎಲ್ಲ ಎಳೆಗಳೂ ಒಂದೆಡೆ ಸೇರುತ್ತವೆ. ಕೇಂದ್ರ ಸರ್ಕಾರವು 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿ ನಿಗದಿಪಡಿಸಿತ್ತು. ಈ ಬೆಲೆಗೆ ಮಾರಲು ರೈತನು ಆಧಾರ್, ಬ್ಯಾಂಕ್ ಖಾತೆ, ಪಹಣಿ ಮತ್ತು ‘ಫ್ರೂಟ್ಸ್’ ತಂತ್ರಾಂಶದ ಗುರುತಿನ ಸಂಖ್ಯೆಯೊಂದಿಗೆ ನೋಂದಾಯಿಸಿಕೊಳ್ಳಬೇಕಾಗಿತ್ತು. ಆ ವರ್ಷ ಮೊದಲ ಸುತ್ತಿನ ನೋಂದಣಿಯಲ್ಲಿ ಅಕ್ರಮಗಳ ದೂರು ಬಂದು, ಅದನ್ನು ರದ್ದುಗೊಳಿಸಿ ಬಯೋಮೆಟ್ರಿಕ್ ಪದ್ಧತಿಯಲ್ಲಿ ಮರುನೋಂದಣಿ ನಡೆಸಲಾಯಿತು. ರೈತರ ಹೆಸರಿನಲ್ಲಿ ಬೇರೆಯವರು ಲಾಭ ಪಡೆಯದಂತೆ ತಡೆಯಲು ಬೆರಳಚ್ಚು ನೆರವಾಗುತ್ತದೆ ಎಂಬುದು ಇಲ್ಲಿನ ನ್ಯಾಯವಾದ ವಾದ. ಆದರೆ ಇದರೊಂದಿಗೆ, ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ತೋಟದ ಚಿತ್ರ, ಫ್ರೂಟ್ಸ್‌ನಲ್ಲಿ ಜಮೀನಿನ ವಿಸ್ತೀರ್ಣ, ಖರೀದಿ ಕೇಂದ್ರದಲ್ಲಿ ಮಾರಿದ ಪ್ರಮಾಣ, ಬ್ಯಾಂಕಿನಲ್ಲಿ ಬಂದ ಹಣ ಇವೆಲ್ಲವೂ ಒಂದೇ ಸಂಖ್ಯೆಯ ಸುತ್ತ ಸೇರಬಲ್ಲವು. ‘ಏನೋ ಒಂದೀಟು ಐತೆ’ ಎಂಬ ಉತ್ತರಕ್ಕೆ ಈ ವ್ಯವಸ್ಥೆಯಲ್ಲಿ ಸ್ಥಳವಿಲ್ಲ.

ಗುರುತಿನ ಭದ್ರತೆಯೇ ಅಭದ್ರತೆಯ ಮೂಲವಾಗಬಹುದೆಂಬುದಕ್ಕೆ 2023ರ ಘಟನೆಗಳು ನಿದರ್ಶನವಾಗಿವೆ. ಆ ವರ್ಷ ಮಂಗಳೂರು, ಬೆಂಗಳೂರು ಮೊದಲಾದೆಡೆ ಆಸ್ತಿ ನೋಂದಣಿ ಮಾಡಿಸಿದವರ ಬ್ಯಾಂಕ್ ಖಾತೆಗಳಿಂದ ಹಣ ಕಳವಾದ ದೂರುಗಳು ದಾಖಲಾದವು. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನೂ ಆಧಾರ್ ಸಂಖ್ಯೆಯನ್ನೂ ಬಳಸಿ, ಕೃತಕ ಬೆರಳಚ್ಚು ತಯಾರಿಸಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆಯುವ ಜಾಲ ಬೆಳಕಿಗೆ ಬಂದಿತು. ಈ ಪಾವತಿಗೆ ಪಿನ್ ಆಗಲಿ ಒಟಿಪಿ ಆಗಲಿ ಬೇಕಿರಲಿಲ್ಲ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇದ್ದರೆ ಸಾಕಾಗಿತ್ತು. ಬಯೋಮೆಟ್ರಿಕ್ ಮಾಹಿತಿಗೆ ಬೀಗ ಹಾಕಿಕೊಳ್ಳುವ ಸೌಲಭ್ಯ ಇದ್ದರೂ ಅದರ ಅರಿವು ಎಷ್ಟೋ ಜನರಿಗಿರಲಿಲ್ಲ. ಕಳೆದುಹೋದ ಕೀಲಿಯನ್ನು ಬದಲಿಸಬಹುದು. ಕಳವಾದ ಬೆರಳನ್ನು ಬದಲಿಸಲಾಗದು.

6. ಖಾಸಗಿತನ ಹಕ್ಕಾದ ಬಗೆ

ಆಧಾರ್ ಯೋಜನೆಯನ್ನು 2012ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. 2024ರಲ್ಲಿ ನಿಧನರಾದ ಅವರ ಹೆಸರು ಇಂದು ಜಗತ್ತಿನ ಕಾನೂನು ಅಧ್ಯಯನಗಳಲ್ಲಿ ಸ್ಥಿರವಾಗಿದೆ. ಈ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಸಂವಿಧಾನದತ್ತ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಎಂ.ಪಿ. ಶರ್ಮಾ (1954) ಮತ್ತು ಖರಕ್ ಸಿಂಗ್ (1962) ಪ್ರಕರಣಗಳಲ್ಲಿ ಇದಕ್ಕೆ ವಿರುದ್ಧವಾಗಿದ್ದ ಅಭಿಪ್ರಾಯಗಳನ್ನು ತಳ್ಳಿಹಾಕಿತು. 2018ರ ಸೆಪ್ಟೆಂಬರ್ 26ರ ತೀರ್ಪು ಬಹುಮತದಿಂದ ಆಧಾರ್ ಯೋಜನೆಯನ್ನು ಎತ್ತಿಹಿಡಿಯಿತಾದರೂ, ಖಾಸಗಿ ಕಂಪನಿಗಳು ಅದನ್ನು ಗುರುತಿಗಾಗಿ ಬಳಸಲು ಅವಕಾಶ ಕೊಟ್ಟಿದ್ದ 57ನೇ ಕಲಮಿನ ಭಾಗವನ್ನು ರದ್ದುಪಡಿಸಿತು.

2017ರ ತೀರ್ಪು ಖಾಸಗಿತನವನ್ನು ವ್ಯಕ್ತಿಯ ಘನತೆಯೊಂದಿಗೆ ಬೆಸೆಯುತ್ತದೆ. ಕನ್ನಡದ ಅನುಭವದಲ್ಲಿ ಇದಕ್ಕೆ ಸಮೀಪವಾದುದು ಗುಟ್ಟಲ್ಲ, ಮಾನ. ಅಲ್ಲದೆ, ಮನೆಯ ಖಾಸಗಿತನದ ಹೆಸರಿನಲ್ಲಿ ಹೆಣ್ಣಿನ ಮೇಲಿನ ದೌರ್ಜನ್ಯವನ್ನು ಮುಚ್ಚಿಹಾಕುವಂತಿಲ್ಲ ಎಂಬ ಸ್ತ್ರೀವಾದಿ ಎಚ್ಚರಿಕೆಯನ್ನೂ ಆ ತೀರ್ಪು ಗಣನೆಗೆ ತೆಗೆದುಕೊಂಡಿದೆ. ಹೀಗೆ ಹಕ್ಕಿನ ನೆಲೆ ಸಂಸಾರದಿಂದ ವ್ಯಕ್ತಿಗೆ ಸರಿಯಿತು. ಗಾದೆಯ ಮಿತಿಯೆಂದು ಹಿಂದೆ ಗುರುತಿಸಿದುದನ್ನು ಸಂವಿಧಾನವು ಇಲ್ಲಿ ದಾಟುತ್ತದೆ. ಅಟ್ಟವಿಲ್ಲದ ಕೂಲಿಯವಳಿಗೂ ಈ ಹಕ್ಕು ಇದೆ. ಅದು ಆಸ್ತಿಯಿಂದ ಬಂದುದಲ್ಲ.

7. ಒಪ್ಪಿಗೆಯ ಕನ್ನಡ

ಈ ಹಕ್ಕಿನ ಮುಂದುವರಿಕೆಯಾಗಿ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಕನ್ನಡ ವಿಭಾಗಗಳಿಗೆ ನೇರವಾಗಿ ಸಂಬಂಧಿಸಿದ ಒಂದು ಅಂಶವಿದೆ. ಮಾಹಿತಿ ಪಡೆಯುವವರು ಕೊಡಬೇಕಾದ ತಿಳಿವಳಿಕೆ ಪತ್ರವನ್ನೂ ಒಪ್ಪಿಗೆಯ ಕೋರಿಕೆಯನ್ನೂ ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಜನರಿಗಿರಬೇಕು. ಈ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಅವಧಿಯನ್ನು ಇಡಲಾಗಿದೆ. ಅಷ್ಟರಲ್ಲಿ ಸಾವಿರಾರು ಸಂಸ್ಥೆಗಳು ಇಂತಹ ಪತ್ರಗಳನ್ನು ಕನ್ನಡದಲ್ಲಿ ಸಿದ್ಧಪಡಿಸಬೇಕಾಗುತ್ತದೆ. ಆ ಕನ್ನಡ ಹೇಗಿರುತ್ತದೆ?

ಕಾಯ್ದೆಯ ಪ್ರಕಾರ ಒಪ್ಪಿಗೆಯು ಮುಕ್ತವೂ ನಿರ್ದಿಷ್ಟವೂ ತಿಳಿದು ಕೊಟ್ಟುದೂ ನಿಬಂಧನೆಯಿಲ್ಲದುದೂ ಸಂದಿಗ್ಧವಲ್ಲದುದೂ ಆಗಿರಬೇಕು; ಸ್ಪಷ್ಟ ಕ್ರಿಯೆಯ ಮೂಲಕ ವ್ಯಕ್ತವಾಗಬೇಕು. ‘ಮೌನಂ ಸಮ್ಮತಿ ಲಕ್ಷಣಂ’ ಎಂಬ ನಮ್ಮ ಹಳೆಯ ನಂಬಿಕೆಗೆ ಇದು ನೇರವಾಗಿ ವಿರುದ್ಧವಾಗಿದೆ. ಈ ದೃಷ್ಟಿಯಿಂದ ‘ಸಮ್ಮತಿ’ಗಿಂತ ‘ಒಪ್ಪಿಗೆ’ ಎಂಬ ಪದವೇ ಸೂಕ್ತ. ಒಪ್ಪುವುದು ಮಾತಿನಲ್ಲಿ, ಎದುರಿಗೆ ನಡೆಯುವ ಕ್ರಿಯೆ. ‘ಅನುಮತಿ’ಯಲ್ಲಿ ಮೇಲಿನವರು ಕೆಳಗಿನವರಿಗೆ ಕೊಡುವ ಧ್ವನಿಯಿದ್ದು, ರೈತನು ಸಂಸ್ಥೆಗೆ ಅನುಮತಿ ಕೊಡುತ್ತಾನೆಂಬುದು ಕೇಳಲು ಚೆನ್ನಾಗಿದ್ದರೂ ವಾಸ್ತವಕ್ಕೆ ದೂರವಾಗಿದೆ. ‘ದತ್ತಾಂಶ’ ಎಂಬ ಪದವನ್ನು ಉಳಿಸಿಕೊಳ್ಳಬಹುದು. ದತ್ತ ಎಂದರೆ ಕೊಡಲ್ಪಟ್ಟದ್ದು. ಕೊಟ್ಟವರೊಬ್ಬರು ಇದ್ದಾರೆಂಬ ನೆನಪು ಆ ಪದದಲ್ಲಿದೆ.

ಕಾಯ್ದೆಯು ಮಾಹಿತಿ ಪಡೆಯುವ ಸಂಸ್ಥೆಯನ್ನು ‘ಡೇಟಾ ಫಿಡ್ಯೂಷಿಯರಿ’ ಎಂದು ಕರೆಯುತ್ತದೆ. ನಂಬಿ ಒಪ್ಪಿಸಿದುದನ್ನು ಕಾಯುವವನೆಂಬುದು ಇದರ ಅರ್ಥ. ಇದನ್ನು ‘ದತ್ತಾಂಶ ನಿರ್ವಾಹಕ’ ಎಂದು ಅನುವಾದಿಸಿದರೆ ನಂಬಿಕೆಯ ಅಂಶವೇ ಬಿಟ್ಟುಹೋಗುತ್ತದೆ. ‘ದತ್ತಾಂಶ ನ್ಯಾಸಿ’ ಎಂಬ ರೂಪವನ್ನು ಇಲ್ಲಿ ಸೂಚಿಸಲಾಗಿದೆ. ನ್ಯಾಸವೆಂದರೆ ಮರಳಿ ಪಡೆಯುವ ಭರವಸೆಯಿಂದ ಇನ್ನೊಬ್ಬರಲ್ಲಿ ಇಟ್ಟದ್ದು. ಒಂದು ಪದದ ಆಯ್ಕೆಯಲ್ಲಿ ಸಂಸ್ಥೆಯ ಹೊಣೆಗಾರಿಕೆಯೇ ಉಳಿಯಬಹುದು ಅಥವಾ ಅಳಿಯಬಹುದು.

ಪರಿಭಾಷೆಯ ಈ ಕೆಲಸಕ್ಕೆ ಇದೇ ಸೀಮೆಯಲ್ಲಿ ಒಂದು ಪರಂಪರೆಯಿದೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರಾದ ತೀ.ನಂ. ಶ್ರೀಕಂಠಯ್ಯನವರು (1906–1966) ಸಂವಿಧಾನದ ಪರಿಭಾಷೆಯನ್ನು ರೂಪಿಸುವ ಕಾರ್ಯದಲ್ಲಿ ಭಾಗವಹಿಸಿದ್ದು, ‘ರಾಷ್ಟ್ರಪತಿ’ ಎಂಬ ಪದವನ್ನು ಸೂಚಿಸಿದವರೆಂಬುದು ಪ್ರಸಿದ್ಧವಾಗಿದೆ. ಕನ್ನಡದ ವಿದ್ವಾಂಸರೊಬ್ಬರು ಗಣರಾಜ್ಯದ ಮೊದಲ ಪ್ರಜೆಗೆ ಹೆಸರು ಕೊಟ್ಟರು. ಅದೇ ಗಣರಾಜ್ಯದ ಕೊನೆಯ ಪ್ರಜೆಯ ಹಕ್ಕಿಗೆ ಹೆಸರು ಕೊಡುವ ಕೆಲಸ ಈಗ ನಮ್ಮ ಮುಂದಿದೆ.

ಆದರೆ ಭಾಷೆಯಿಂದಲೇ ಎಲ್ಲವೂ ಸರಿಹೋಗುತ್ತದೆಂದು ಭಾವಿಸಲಾಗದು. ಇದೇ ಕಾಯ್ದೆಯ 7ನೇ ಕಲಮು, ಸಹಾಯಧನ ಮತ್ತು ಸೌಲಭ್ಯಗಳ ವಿತರಣೆಗಾಗಿ ನಿಗದಿತ ಸಂದರ್ಭಗಳಲ್ಲಿ ಸರ್ಕಾರವು ಹೊಸದಾಗಿ ಒಪ್ಪಿಗೆ ಪಡೆಯದೆಯೇ ಮಾಹಿತಿಯನ್ನು ಬಳಸಲು ಅವಕಾಶ ನೀಡುತ್ತದೆ. ಕೊಬ್ಬರಿ ಬೆಳೆಗಾರನ ಮಾಹಿತಿಯ ಬಹುಪಾಲು ಇರುವುದು ಸರ್ಕಾರದ ಬಳಿಯೇ. ಬೆಂಬಲ ಬೆಲೆ ಬೇಕಾದವನಿಗೆ ಒಲ್ಲೆನೆನ್ನುವ ಸ್ವಾತಂತ್ರ್ಯವೂ ಇಲ್ಲ. ಇನ್ನೊಂದೆಡೆ, ಈ ಕಾಯ್ದೆಯು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಉಪಬಂಧವನ್ನು ತಿದ್ದಿ, ವೈಯಕ್ತಿಕ ಮಾಹಿತಿಯೆಂಬ ಕಾರಣಕ್ಕೆ ದಾಖಲೆ ನಿರಾಕರಿಸುವುದನ್ನು ಸುಲಭಗೊಳಿಸಿದೆ ಎಂಬ ಟೀಕೆಯೂ ಇದೆ. ಹಳ್ಳಿಯ ರೈತನ ಸಾಲ ಬಯಲಿನಲ್ಲಿದ್ದು, ಅಧಿಕಾರದ ಸ್ಥಾನದಲ್ಲಿರುವವರ ಕಡತ ಮರೆಗೆ ಸರಿದರೆ ಶ್ಯಾನುಭೋಗರ ಕಾಲದ ಗುಟ್ಟು ಹೊಸ ರೂಪದಲ್ಲಿ ಮರಳಿದಂತಾಗುತ್ತದೆ.

8. ಸಮಾರೋಪ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಖಾಸಗಿತನದ ಅರಿವು ಕನ್ನಡ ಗ್ರಾಮ ಸಮಾಜಕ್ಕೆ ಹೊರಗಿನದಲ್ಲ. ಅಟ್ಟ, ಟವಲು ಮತ್ತು ಗಾದೆಗಳಲ್ಲಿ ಅದು ಆಚರಣೆಯ ರೂಪದಲ್ಲಿತ್ತು. ಎರಡು, ಆ ಅರಿವು ಆಸ್ತಿ ಮತ್ತು ಕುಟುಂಬಗಳಿಗೆ ಕಟ್ಟುಬಿದ್ದಿತ್ತು. ಅದನ್ನು ಪ್ರತಿ ವ್ಯಕ್ತಿಯ ಹಕ್ಕಾಗಿಸಿದ್ದು ಸಂವಿಧಾನದ ವ್ಯಾಖ್ಯಾನ. ಮೂರು, ದಾಖಲೆಯ ಬಯಲು ಮತ್ತು ಬದುಕಿನ ಮರೆ ಎರಡೂ ಬೇಕು. ಯಾವುದು ಯಾರಿಗೆ ಎಂಬ ವಿವೇಕವೇ ಮುಖ್ಯ. ಈ ವಿವೇಕವನ್ನು ಯಂತ್ರಕ್ಕೆ ಬಿಟ್ಟುಕೊಡಲಾಗದು.

ಇಂದು ಖರೀದಿ ಕೇಂದ್ರದ ಸಾಲಿನಲ್ಲಿ ನಿಂತ ರೈತನು ಬೆರಳು ಒತ್ತುವಾಗ ತಾನು ಏನನ್ನು, ಯಾರಿಗೆ, ಎಷ್ಟು ಕಾಲಕ್ಕೆ ಕೊಡುತ್ತಿದ್ದೇನೆಂಬುದನ್ನು ತನ್ನ ನುಡಿಯಲ್ಲಿ ಓದಿ ತಿಳಿಯುವಂತಿರಬೇಕು. ಆ ನಾಲ್ಕು ಸಾಲಿನ ಕನ್ನಡವನ್ನು ಬರೆಯುವುದು ಕನ್ನಡ ಅಧ್ಯಯನದ ಹೊರಗಿನ ಕೆಲಸವಲ್ಲ. ಕನ್ನಡ ವಿಭಾಗಗಳು ಕಾನೂನು ಮತ್ತು ಗಣಕ ವಿಜ್ಞಾನ ವಿಭಾಗಗಳೊಡನೆ ಕೂಡಿ ಇಂತಹ ತಿಳಿವಳಿಕೆ ಪತ್ರಗಳ ಮಾದರಿಯನ್ನು ಸಿದ್ಧಪಡಿಸಿ, ಅದನ್ನು ಮೊದಲು ಈ ಮೂರು ತಾಲ್ಲೂಕುಗಳ ಬೆಳೆಗಾರರ ಮತ್ತು ಕೂಲಿಕಾರರ ಮುಂದೆ ಓದಿ ತಿದ್ದಿಕೊಳ್ಳುವುದು ಅಗತ್ಯವಾಗಿದೆ.